ಮ್ಯಾಕ್ರೋ ಫೋಟೋಗ್ರಫಿ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾಲ್ಕು ವರ್ಷಗಳಿಂದ ಹುಳು, ಜೇಡ, ಹೂವು, ಕಪ್ಪೆಗಳ ಚಿತ್ರ ತೆಗೆಯುತ್ತಿದ್ದೇನೆ. ಊರು ತೀರ್ಥಹಳ್ಳಿ ಕಡೆ, ಕೆಲಸ ಬೆಂಗಳೂರಿನಲ್ಲಿ. ಚಿತ್ರ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಲೆನ್ಸ್ ಬಗ್ಗೆ ಕೇಳುವವರು ಬಹಳ, ಹುಳುವಿನ ಬಗ್ಗೆ ಕೇಳುವವರು ತೀರ ಕಡಿಮೆ. ಚಿತ್ರ ಚೆನ್ನಾಗಿ ಬರುವುದು ಮಾತ್ರ ಹುಳುವನ್ನು ಬಲ್ಲವರಿಗೆ. ಹಾಗಾಗಿ ಸಾಮಾನು ಸರಂಜಾಮಿನ ಉತ್ತರಗಳನ್ನು ಬೇಗ ಓದಿ ಮುಗಿಸಿದರೂ ಪರವಾಗಿಲ್ಲ, ಕರಿಬೇವಿನ ಗಿಡದ ಉತ್ತರವನ್ನು ನಿಧಾನವಾಗಿ ಓದಿ.

ಹತ್ತಿರದಿಂದ ತೆಗೆದದ್ದೆಲ್ಲ ಮ್ಯಾಕ್ರೋ ಅಲ್ವಾ?

ಮಾತಿನಲ್ಲಿ ಹಾಗೇ ಹೇಳುತ್ತೇವೆ. ಲೆಕ್ಕದ ಪ್ರಕಾರ ಮಾತ್ರ ಒಂದು ಗಡಿ ಇದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ವಸ್ತುವಿನ ಬಿಂಬ ಎಷ್ಟು ದೊಡ್ಡದಾಗಿ ಬೀಳುತ್ತದೆ ಅನ್ನುವುದೇ ಆ ಲೆಕ್ಕ. 10 ಮಿ.ಮೀ. ಉದ್ದದ ಇರುವೆಯ ಬಿಂಬ ಸೆನ್ಸರ್ ಮೇಲೂ 10 ಮಿ.ಮೀ. ಬಿದ್ದರೆ ಅದು 1:1. ಅಲ್ಲಿಂದ ಮುಂದಿನದು ಮ್ಯಾಕ್ರೋ. ಅದಕ್ಕಿಂತ ಕಡಿಮೆ ಇದ್ದರೆ ಕ್ಲೋಸ್‌ಅಪ್. ಬಿಂಬ 20 ಮಿ.ಮೀ. ಆದರೆ 2:1.

ನಿಮ್ಮ ಲೆನ್ಸ್ ಎಷ್ಟು ಕೊಡುತ್ತದೆ ಎಂದು ಮನೆಯಲ್ಲೇ ನೋಡಬಹುದು. ಮಕ್ಕಳ ಸ್ಕೇಲ್ ಒಂದನ್ನು ಮೇಜಿನ ಮೇಲಿಡಿ. ಫೋಕಸ್ ಆಗುವಷ್ಟು ಹತ್ತಿರ ಹೋಗಿ ಫೋಟೋ ತೆಗೆಯಿರಿ. ಫುಲ್‌ಫ್ರೇಮ್ ಎಂಬ ದೊಡ್ಡ ಸೆನ್ಸರ್ 36 ಮಿ.ಮೀ. ಅಗಲ. ಹಾಗಾಗಿ ಚಿತ್ರದ ಅಗಲದಲ್ಲಿ ಸ್ಕೇಲಿನ 36 ಮಿ.ಮೀ. ಕಂಡರೆ ಸರಿಯಾಗಿ 1:1. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದರೆ ಸುಮಾರು 23 ಮಿ.ಮೀ. ಕಾಣಬೇಕು. 72 ಮಿ.ಮೀ. ಕಂಡರೆ ಫುಲ್‌ಫ್ರೇಮಿನಲ್ಲಿ ಅರ್ಧ ಗಾತ್ರ, ಅಂದರೆ 1:2.

ಈ ಸಂಖ್ಯೆಗಳಿಗೆ ಅಂಟಿಕೊಳ್ಳಬೇಡಿ. ಚಿಟ್ಟೆಯ ಚಿತ್ರಕ್ಕೆ 1:3 ಸಾಕೋ ಸಾಕು. ಅಂಗೈಯಗಲದ ಚಿಟ್ಟೆಯನ್ನು 1:1ರಲ್ಲಿ ತೆಗೆದರೆ ರೆಕ್ಕೆಯ ಒಂದು ತುಂಡು ಮಾತ್ರ ಸಿಗುತ್ತದೆ.

ನಿಕಾನ್ ಲೆನ್ಸ್ ಮೇಲೆ ಮೈಕ್ರೋ ಎಂದು ಬರೆದಿದೆ. ಅದು ಬೇರೆಯೇ?

ಬೇರೆ ಅಲ್ಲ, ಹೆಸರು ಮಾತ್ರ ಬೇರೆ. ನಿಕಾನ್ ತನ್ನ ಮೊದಲ ಮೈಕ್ರೋ ನಿಕ್ಕೋರ್ ತಂದದ್ದು 1956ರಲ್ಲಿ. ಪುಸ್ತಕದ ಪುಟಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಕೆಲಸದ ಹಿನ್ನೆಲೆಯಲ್ಲಿ ಹುಟ್ಟಿದ ಲೆನ್ಸ್ ಅದು. ಜಪಾನಿನ ಕಾಂಜಿ ಅಕ್ಷರಗಳಲ್ಲಿ ಗೆರೆ ಬಹಳ. ಅವನ್ನು ಅಷ್ಟು ಚಿಕ್ಕದು ಮಾಡಿದರೂ ಓದುವ ಹಾಗೆ ಹಿಡಿಯಲು ತುಂಬ ಚೂಪಾದ ಲೆನ್ಸ್ ಬೇಕಿತ್ತು. ಆ ಹೆಸರು ಹಾಗೇ ಉಳಿದಿದೆ.

ನನ್ನ ಹತ್ತಿರ ಫೋನ್ ಮಾತ್ರ ಇದೆ. ಶುರು ಮಾಡಬಹುದೇ?

ಖಂಡಿತ. ಒಂದೆರಡು ವಿಷಯ ಗೊತ್ತಿದ್ದರೆ ಸಾಕು.

ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳಲ್ಲಿ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾ ಅಂತ ಒಂದಿರುತ್ತದೆ. ಅದನ್ನು ಮರೆತುಬಿಡಿ. ಅದರ ಬದಲು ಮುಖ್ಯ ಕ್ಯಾಮೆರಾದಲ್ಲೇ 10–15 ಸೆಂ.ಮೀ. ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಂಡರೆ ಚಿತ್ರ ಎಷ್ಟೋ ಚೆನ್ನಾಗಿರುತ್ತದೆ. ದುಬಾರಿ ಫೋನ್‌ಗಳ ಕತೆ ಬೇರೆ. 2021ರ ಐಫೋನ್ 13 ಪ್ರೋದಲ್ಲಿ ಅಲ್ಟ್ರಾವೈಡ್ ಕ್ಯಾಮೆರಾ 2 ಸೆಂ.ಮೀ. ಹತ್ತಿರದಲ್ಲೂ ಫೋಕಸ್ ಮಾಡುತ್ತದೆ. ಅಷ್ಟು ಹತ್ತಿರ ಹೋದಾಗ ಫೋನಿನ ನೆರಳು ಹುಳುವಿನ ಮೇಲೇ ಬೀಳುತ್ತದೆ. ಬೆಳಕು ಪಕ್ಕದಿಂದ ಬರುವ ಹಾಗೆ ನಿಲ್ಲಬೇಕು.

ಕ್ಲಿಪ್ ಹಾಕುವ ಮ್ಯಾಕ್ರೋ ಲೆನ್ಸ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಗಾಜಿನದೇ ತೆಗೆದುಕೊಳ್ಳಿ, ಪ್ಲಾಸ್ಟಿಕ್ ಬೇಡ. ಕ್ಲಿಪ್ಪನ್ನು ಮುಖ್ಯ ಕ್ಯಾಮೆರಾದ ಮೇಲೆ ಸರಿಯಾಗಿ ನಡುವಿಗೆ ಕೂರಿಸಿ. ಕೂದಲೆಳೆಯಷ್ಟು ಆಚೀಚೆಯಾದರೂ ಒಂದು ಬದಿ ಮಸುಕಾಗುತ್ತದೆ. ಬಹಳಷ್ಟು ಜನ ಈ ಲೆನ್ಸ್ ಚೆನ್ನಾಗಿಲ್ಲ ಎಂದು ಬಿಟ್ಟುಬಿಡುವುದು ಇದೇ ಕಾರಣಕ್ಕೆ.

ಕ್ಯಾಮೆರಾ, ಅದರ ಜೊತೆಗೇ ಬಂದ 18–55ರ ಕಿಟ್ ಲೆನ್ಸ್ ಇವೆ. ಮ್ಯಾಕ್ರೋ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ದಾರಿ ಇದೆಯೇ?

ಮೂರು ದಾರಿ ಇವೆ. ಮೂರರಲ್ಲೂ ನಾನು ನಡೆದಿದ್ದೇನೆ.

ಎಲ್ಲಕ್ಕಿಂತ ಅಗ್ಗದ್ದು ರಿವರ್ಸ್ ರಿಂಗ್. ಲೆನ್ಸನ್ನು ಹಿಂದುಮುಂದು ಮಾಡಿ ಕ್ಯಾಮೆರಾಕ್ಕೆ ಕೂರಿಸುವ ಲೋಹದ ಬಳೆ ಇದು. ನಿಮ್ಮ ಲೆನ್ಸಿನ ಫಿಲ್ಟರ್ ಅಳತೆಗೆ, ಅಂದರೆ 52 ಅಥವಾ 58 ಮಿ.ಮೀ. ಹೀಗೆ, ಹೊಂದುವುದನ್ನು ಕೊಳ್ಳಬೇಕು. ತಿರುಗಿಸಿದ 50 ಮಿ.ಮೀ. ಲೆನ್ಸ್ ಸುಮಾರು 1:1 ಕೊಡುತ್ತದೆ. 28 ಮಿ.ಮೀ. ಸುಮಾರು 2:1. ಇಲ್ಲಿ ಎಲ್ಲ ಉಲ್ಟಾ, ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ (ಫೋಕಲ್ ಲೆಂತ್) ಕಡಿಮೆಯಾದಷ್ಟೂ ಹುಳು ದೊಡ್ಡದಾಗುತ್ತದೆ. ಕಿಟ್ ಲೆನ್ಸನ್ನು 18ಕ್ಕೆ ಇಟ್ಟು ಹಿಂದುಮುಂದು ಹಾಕಿದರೆ ಇರುವೆಯ ತಲೆಯೇ ಚಿತ್ರದಲ್ಲಿ ದೊಡ್ಡದಾಗಿ ಕಾಣಿಸುತ್ತದೆ. ತೊಂದರೆ ಏನೆಂದರೆ ಹುಳು ಲೆನ್ಸಿನಿಂದ ನಾಲ್ಕೈದು ಸೆಂ.ಮೀ. ದೂರದಲ್ಲೇ ಇರಬೇಕು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ತೂತು, ಅದೂ ಕ್ಯಾಮೆರಾದಿಂದ ಬದಲಾಗುವುದಿಲ್ಲ. ಅದಕ್ಕೇ ಅಪರ್ಚರ್ ಬಳೆ ಇರುವ ಹಳೆಯ ಲೆನ್ಸ್ ಒಳ್ಳೆಯದು. ಮನೆಯಲ್ಲಿ ಅಪ್ಪ ಅಥವಾ ಚಿಕ್ಕಪ್ಪನ ಫಿಲ್ಮ್ ಕ್ಯಾಮೆರಾ ಇದ್ದರೆ ಅದರ 50 ಮಿ.ಮೀ. ಲೆನ್ಸ್ ಹುಡುಕಿ ತೆಗೆಯಿರಿ.

ಎರಡನೆಯದು ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜೇ ಇಲ್ಲದ ಟೊಳ್ಳು ಕೊಳವೆ. ಲೆನ್ಸನ್ನು ಸೆನ್ಸರಿನಿಂದ ದೂರ ಸರಿಸುವುದಷ್ಟೇ ಅದರ ಕೆಲಸ. ಲೆಕ್ಕ ಸುಲಭ: ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 50 ಮಿ.ಮೀ. ಲೆನ್ಸಿಗೆ 50 ಮಿ.ಮೀ. ಕೊಳವೆ ಹಾಕಿದರೆ 1:1. ಕಿಟ್ ಲೆನ್ಸಿಗೆ ಹಾಕುವುದಾದರೆ 55ರ ತುದಿಯಲ್ಲಿ ಬಳಸಿ. 18ರಲ್ಲಿ ಫೋಕಸ್ ಬೀಳುವ ಜಾಗ ಲೆನ್ಸಿನ ಒಳಗೇ ಹೋಗಿಬಿಡುತ್ತದೆ, ಏನೂ ಕಾಣುವುದಿಲ್ಲ. ವಿದ್ಯುತ್ ಸಂಪರ್ಕದ ಚಿನ್ನದ ಬಣ್ಣದ ಚುಕ್ಕೆಗಳು ಇರುವ ಟ್ಯೂಬನ್ನೇ ಕೊಳ್ಳಿ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಅಪರ್ಚರ್ ಕೈಗೆ ಸಿಗುತ್ತದೆ.

ಮೂರನೆಯದು ಲೆನ್ಸಿನ ಮುಂದೆ ಹಾಕುವ ಕ್ಲೋಸ್‌ಅಪ್ ಗಾಜು. ಓದುವ ಕನ್ನಡಕದ ಹಾಗೆಯೇ ಇದು. 55–250 ಅಥವಾ 70–300ರಂಥ ಜೂಮ್ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ರೇನಾಕ್ಸ್ ಡಿಸಿಆರ್-250 ಎಂಬ ಪುಟ್ಟ ಗಾಜು ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಕನ್ನಡಕದ ಪವರ್ ಲೆಕ್ಕದಲ್ಲಿ ಅದರ ಶಕ್ತಿ 8 ಡಯಾಪ್ಟರ್. 200 ಮಿ.ಮೀ.ನಲ್ಲಿ ಹಾಕಿದರೆ 1:1ನ್ನೂ ಮೀರಿ ಸುಮಾರು ಒಂದೂವರೆ ಪಟ್ಟು ಸಿಗುತ್ತದೆ. ಹುಳುವಿನಿಂದ ಹನ್ನೆರಡು ಸೆಂ.ಮೀ. ಆಸುಪಾಸು ದೂರವೂ ಉಳಿಯುತ್ತದೆ. ಚಿಟಿಕೆಯಲ್ಲಿ ಹಾಕಬಹುದು, ತೆಗೆಯಬಹುದು. ಅದರ ತಮ್ಮ ಡಿಸಿಆರ್-150 ಸ್ವಲ್ಪ ಸೌಮ್ಯ, ಹೊಸಬರಿಗೆ ಅದರಲ್ಲಿ ಫೋಕಸ್ ಮಾಡುವುದು ಸುಲಭ. +1, +2, +4, +10 ಎಂದು ನಾಲ್ಕು ಫಿಲ್ಟರ್ ಸೇರಿಸಿ ಮಾರುವ ಅಗ್ಗದ ಸೆಟ್ ಮಾತ್ರ ಬೇಡ. ಅಂಚುಗಳಲ್ಲಿ ನೇರಳೆ ಬಣ್ಣ ಹರಡುತ್ತದೆ.

ಮ್ಯಾಕ್ರೋ ಲೆನ್ಸೇ ಕೊಳ್ಳುವುದಾದರೆ ಯಾವ ಫೋಕಲ್ ಲೆಂತ್?

ಹುಳುಗಳಿಗೆ 90ರಿಂದ 105ರ ನಡುವಿನದು. 1:1ರಲ್ಲಿ ಲೆನ್ಸಿನ ತುದಿಗೂ ಹುಳುವಿಗೂ ಒಂದು ಗೇಣಿಗಿಂತ ಕಡಿಮೆ ಜಾಗ ಸಿಗುತ್ತದೆ. 50–60 ಮಿ.ಮೀ. ಲೆನ್ಸ್ ಹೂವು, ಆಭರಣ, ಅಡುಗೆ ಚಿತ್ರಗಳಿಗೆ ಚೆನ್ನ, ಹುಳು ಮಾತ್ರ ಹೆದರುತ್ತದೆ. 180 ಮಿ.ಮೀ. ಭಾರ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಟಾರ್ಚ್ ಬೆಳಕು ಹಾಯಿಸಿ ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ.

ಕಣ್ಣು ಶಾರ್ಪ್ ಇದ್ದರೆ ಕಾಲು ಮಸುಕು, ಕಾಲು ಶಾರ್ಪ್ ಇದ್ದರೆ ಕಣ್ಣು ಮಸುಕು. ಯಾಕೆ?

ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1ಕ್ಕೆ ಅಪರ್ಚರನ್ನು ಎಫ್ 8 ಇಟ್ಟರೆ ಆ ಪದರ ಸುಮಾರು 1 ಮಿ.ಮೀ. ಅಷ್ಟೇ. ಒಂದು ಸಾಸಿವೆ ಕಾಳಿನ ದಪ್ಪವೂ ಇಲ್ಲ. 2:1ಕ್ಕೆ ಹೋದರೆ ಅದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಎಫ್ ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು, ಪದರ ದಪ್ಪ. ಹಾಗಾದರೆ ಎಫ್ 32 ಇಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ನಾನೂ ಒಂದು ವರ್ಷ ಹಾಗೇ ತೆಗೆದೆ. ತೂತು ತೀರ ಚಿಕ್ಕದಾದಾಗ ಬೆಳಕು ಅದರ ಅಂಚಿನಲ್ಲಿ ಬಾಗಿ ಹರಡುತ್ತದೆ. ಆಗ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಮ್ಯಾಕ್ರೋದಲ್ಲಿ ಇದು ಬೇಗ ಶುರುವಾಗುತ್ತದೆ. 1:1ರಲ್ಲಿ ನೀವು ಎಫ್ 8 ಇಟ್ಟರೂ ಅದು ನಡೆದುಕೊಳ್ಳುವುದು ಎಫ್ 16ರ ಹಾಗೆ. ಎಫ್ 16 ಇಟ್ಟರೆ 32ರ ಹಾಗೆ. ಆದ್ದರಿಂದ 1:1ರಲ್ಲಿ ಎಫ್ 8ರಿಂದ 11, ಅದಕ್ಕಿಂತ ದೊಡ್ಡದು ಮಾಡುವಾಗ ಎಫ್ 5.6ರಿಂದ 8, ಇಷ್ಟರಲ್ಲೇ ಇರಿ.

ಉಳಿದ ಪರಿಹಾರ ನಿಮ್ಮ ಕುತ್ತಿಗೆ, ಮೊಣಕಾಲುಗಳಲ್ಲಿದೆ. ಆ ತೆಳು ಪದರ ಒಂದು ಗಾಜಿನ ಹಾಳೆ ಎಂದುಕೊಳ್ಳಿ. ಅದು ಸದಾ ಸೆನ್ಸರಿಗೆ ಸಮಾನಾಂತರವಾಗಿ ನಿಂತಿರುತ್ತದೆ. ರೆಕ್ಕೆ ಮಡಚಿ ಕೂತ ಚಿಟ್ಟೆಯ ಪಕ್ಕಕ್ಕೆ ಹೋಗಿ ಆ ಹಾಳೆಯನ್ನು ರೆಕ್ಕೆಗೆ ಹೊಂದಿಸಿ ಹಿಡಿದರೆ ಕಣ್ಣು, ಮೀಸೆ, ರೆಕ್ಕೆಯ ಅಂಚು ಎಲ್ಲ ಒಟ್ಟಿಗೆ ಸಿಗುತ್ತವೆ. ಅರ್ಧ ಅಂಗುಲ ಬಲಕ್ಕೆ ಸರಿದರೆ ಸಾಕು, ಹಾಳಾಗಿದ್ದ ಚಿತ್ರ ಸರಿಹೋಗುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾಗಿ ಬಂದರೆ ಕಣ್ಣನ್ನು ಉಳಿಸಿಕೊಳ್ಳಿ.

ಆಟೋಫೋಕಸ್ ಸಾಕೇ?

ಹೂವಿಗೆ, ದೊಡ್ಡ ಚಿಟ್ಟೆಗೆ ಸಾಕು. 1:1ರಲ್ಲಿ ಅದು ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಮ್ಯಾನ್ಯುವಲ್‌ಗೆ ಹಾಕಿ. ಮೊದಲು ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ಲೆನ್ಸಿನ ಬಳೆ ತಿರುಗಿಸಿ ಬಿಟ್ಟುಬಿಡಿ. ಆಮೇಲೆ ನಿಮ್ಮ ಮೈಯನ್ನೇ ಮೆಲ್ಲಗೆ ಮುಂದೆ ಬಾಗಿಸಿ. ಕಣ್ಣು ಸ್ಪಷ್ಟವಾದ ಕ್ಷಣ ಕ್ಲಿಕ್ ಮಾಡಿ. ಒಂದೇ ಅಲ್ಲ, ಮೂರು ನಾಲ್ಕು ಸಲ. ಹತ್ತರಲ್ಲಿ ಒಂದು ಸರಿ ಬಂದರೆ ಶುರುವಿಗೆ ಅದು ತುಂಬ ಒಳ್ಳೆಯ ಲೆಕ್ಕ.

ಕೈ ನಡುಗುತ್ತದೆ, ಗಾಳಿಗೆ ಕಡ್ಡಿ ಅಲ್ಲಾಡುತ್ತದೆ.

ಎರಡಕ್ಕೂ ಒಂದೇ ಉಪಾಯ. ಹುಳು ಕೂತಿರುವ ಕಡ್ಡಿಯನ್ನು ಎಡಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಮೆತ್ತಗೆ ಹಿಡಿಯಿರಿ. ಲೆನ್ಸನ್ನು ಅದೇ ಎಡಗೈಯ ಮೇಲೆ ಊರಿ. ಈಗ ಅಲ್ಲಾಡಿದರೂ ಹುಳು, ಲೆನ್ಸ್ ಎರಡೂ ಒಟ್ಟಿಗೆ ಅಲ್ಲಾಡುತ್ತವೆ. ಕಡ್ಡಿ ಮುಟ್ಟುವುದಕ್ಕೆ ಮುಂಚೆ ಮುಳ್ಳು, ಇರುವೆ, ಕಂಬಳಿಹುಳು ಇದೆಯೇ ಎಂದು ನೋಡಿಕೊಳ್ಳಿ.

ಬೆಳಗಿನ ಇಬ್ಬನಿಯ ಚಿತ್ರಗಳಿಗೆ ಟ್ರೈಪಾಡ್ ಬೇಕು. ಎರಡು ಸೆಕೆಂಡ್ ಟೈಮರ್ ಇಟ್ಟು, ಪರದೆಯಲ್ಲಿ ಚಿತ್ರ ಹಿಗ್ಗಿಸಿ ಫೋಕಸ್ ಮಾಡಿ. ಕಡ್ಡಿ ನಿಲ್ಲಿಸಲು ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ನೆಲದ ಹೂವು, ಅಣಬೆಗಳಿಗೆ ನಾನು ಟ್ರೈಪಾಡ್ ಒಯ್ಯುವುದೇ ಇಲ್ಲ. ಅಕ್ಕಿ ತುಂಬಿದ ಚಿಕ್ಕ ಬಟ್ಟೆ ಚೀಲದ ಮೇಲೆ ಕ್ಯಾಮೆರಾ ಕೂರಿಸುತ್ತೇನೆ.

ಫ್ಲ್ಯಾಶ್ ಹಾಕಿದರೆ ಚಿತ್ರ ಕೃತಕವಾಗಿ ಕಾಣುವುದಿಲ್ಲವೇ?

ಬರೀ ಫ್ಲ್ಯಾಶ್ ಹಾಕಿದರೆ ಖಂಡಿತ ಹಾಗೇ ಕಾಣುತ್ತದೆ. ಜೀರುಂಡೆಯ ಬೆನ್ನಿನ ಮೇಲೆ ಬಿಳಿ ಚುಕ್ಕೆ, ಪಕ್ಕದಲ್ಲಿ ಕಪ್ಪು ನೆರಳು. ಇಷ್ಟಾದರೂ ಹುಳುಗಳ ಕೆಲಸಕ್ಕೆ ಫ್ಲ್ಯಾಶ್ ಬೇಕೇ ಬೇಕು. ಚಿಕ್ಕ ತೂತು, ಮರದಡಿಯ ಮಬ್ಬು, ಅಲುಗಾಡುವ ಜೀವಿ, ಮೂರೂ ಸೇರಿದಾಗ ಬರೀ ಬಿಸಿಲು ಸಾಲುವುದಿಲ್ಲ. ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶ್ ಹೊಳೆಯುವುದು ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಯಾವ ನಡುಕವೂ ಕಾಣುವುದಿಲ್ಲ.

ಗುಟ್ಟು ಫ್ಲ್ಯಾಶಿನ ಬೆಳಕನ್ನು ಹರಡಿ ಮೃದು ಮಾಡುವ ಡಿಫ್ಯೂಸರಿನಲ್ಲಿದೆ. ಬೆಳಕಿನ ಮೂಲ ಹುಳುವಿಗಿಂತ ಎಷ್ಟು ದೊಡ್ಡದೋ, ಎಷ್ಟು ಹತ್ತಿರವೋ, ಅಷ್ಟು ಮೃದುವಾದ ಬೆಳಕು. ಇರುವೆಗೆ ಅಂಗೈಯಗಲದ ಬಿಳಿ ಹಾಳೆಯೇ ಒಂದು ದೊಡ್ಡ ಮೋಡ. ನನ್ನ ಈಗಿನ ಡಿಫ್ಯೂಸರ್ ಹೀಗಿದೆ: ಹೊಸ ಮಿಕ್ಸಿಯ ಪೆಟ್ಟಿಗೆಯಲ್ಲಿ ಬಂದ ತೆಳುವಾದ ಬಿಳಿ ಫೋಮ್ ಹಾಳೆ. ಅದನ್ನು ಬಾಗಿಸಿ ಲೆನ್ಸಿನ ತುದಿಯಿಂದ ಮುಂದಕ್ಕೆ ಚಾಚುವ ಹಾಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದೇನೆ. ಫ್ಲ್ಯಾಶಿಗೂ ಹಾಳೆಗೂ ನಡುವೆ ಒಂದು ಟ್ರೇಸಿಂಗ್ ಪೇಪರ್. ಒಳಗೋಡೆಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್. ಖರ್ಚು ಐವತ್ತು ರೂಪಾಯಿ ದಾಟಿಲ್ಲ. ದುಬಾರಿ ಡಿಫ್ಯೂಸರ್ ಒಂದನ್ನೂ ಕೊಂಡಿದ್ದೆ. ಮತ್ತೆ ಇದಕ್ಕೇ ವಾಪಸು ಬಂದೆ.

ಸರಿಯಾಗಿದೆಯೇ ಎಂದು ನೋಡುವುದು ಹೇಗೆ? ಒಂದು ಸ್ಟೀಲ್ ಚಮಚದ ಉಬ್ಬಿದ ಬದಿಯ ಫೋಟೋ ತೆಗೆಯಿರಿ. ಬೆಳಕಿನ ಪ್ರತಿಬಿಂಬ ಅಂಚಿನಲ್ಲಿ ಮೆಲ್ಲಗೆ ಕರಗಬೇಕು. ನಡುವೆ ಕಣ್ಣು ಕುಕ್ಕುವ ಚುಕ್ಕೆ ಕಂಡರೆ ಇನ್ನೊಂದು ಪದರ ಹಾಕಿ. ಚಮಚದಲ್ಲಿ ಚೆನ್ನಾಗಿ ಬಂದರೆ ಗುಲಗಂಜಿ ಹುಳುವಿನಲ್ಲೂ ಚೆನ್ನಾಗಿ ಬರುತ್ತದೆ.

ಶುರು ಮಾಡಲು ಸೆಟ್ಟಿಂಗ್: ಮ್ಯಾನ್ಯುವಲ್ ಮೋಡ್, ಶಟರ್ 1/200, ಎಫ್ 8, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) 200 ಅಥವಾ 400, ಫ್ಲ್ಯಾಶ್ ಟಿಟಿಎಲ್, ಅಂದರೆ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಅಳೆದುಕೊಳ್ಳುವ ಮೋಡ್.

ಹಗಲಲ್ಲೇ ತೆಗೆದರೂ ಹಿನ್ನೆಲೆ ರಾತ್ರಿಯಂತೆ ಕಪ್ಪಗೆ ಬರುತ್ತದೆ.

ಫ್ಲ್ಯಾಶ್ ಬೆಳಕು ದೂರ ಹೋಗುತ್ತ ಬಹಳ ಬೇಗ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಹುಳು ಒಂದು ಗೇಣು ದೂರ, ಹಿಂದಿನ ಗಿಡ ಮೂರು ಅಡಿ ದೂರ ಇದ್ದರೆ ಗಿಡಕ್ಕೆ ಬೆಳಕೇ ತಲುಪುವುದಿಲ್ಲ. ಹುಳುವಿನ ಹಿಂದೆ ನಾಲ್ಕೈದು ಅಂಗುಲದಲ್ಲಿ ಒಂದು ಹಸಿರು ಎಲೆ ಬರುವ ಹಾಗೆ ಕೋನ ಬದಲಿಸಿ. ಬಾಳೆ ಎಲೆಯ ತುಂಡೊಂದನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಹಿಂದೆ ಹಿಡಿಸಿದರೂ ಆಗುತ್ತದೆ. ಇಲ್ಲವೇ ಐಎಸ್‌ಒ 800ಕ್ಕೆ ಏರಿಸಿ, ಶಟರ್ 1/60ಕ್ಕೆ ಇಳಿಸಿ. ಸುತ್ತಲಿನ ಬೆಳಕೂ ಸೇರಿಕೊಳ್ಳುತ್ತದೆ.

ಫೋಕಸ್ ಸ್ಟ್ಯಾಕಿಂಗ್ ಕಲಿಯಲೇಬೇಕೇ?

ಮೊದಲ ವರ್ಷ ಬೇಡ. ಒಂದೇ ಹುಳುವಿನ ಹತ್ತಾರು ಚಿತ್ರ ತೆಗೆದು, ಪ್ರತಿಯೊಂದರಲ್ಲೂ ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಶಾರ್ಪ್ ಇರುವ ಭಾಗಗಳನ್ನಷ್ಟೇ ಸೇರಿಸುವುದು ಸ್ಟ್ಯಾಕಿಂಗ್. ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್, ಫೋಟೋಶಾಪ್ ಮೂರರಲ್ಲೂ ಮಾಡಬಹುದು. ಒಂದು ಚಿತ್ರದ ಶಾರ್ಪ್ ಪದರ ಮುಂದಿನದಕ್ಕೆ ಸ್ವಲ್ಪ ಹೊದ್ದುಕೊಳ್ಳಬೇಕು, ಹೆಂಚು ಹೊದಿಸಿದ ಹಾಗೆ. ನಡುವೆ ಬಿಟ್ಟುಹೋದರೆ ಚಿತ್ರದಲ್ಲಿ ಮಸುಕು ಪಟ್ಟೆ ಬರುತ್ತದೆ. ಮುಂಜಾನೆ ತಣ್ಣಗೆ ಕೂತ ಹುಳು, ಅಣಬೆ, ಹೂವಿನ ಕೇಸರ ಇವಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಓಡಾಡುವ ಇರುವೆಗೆ ಪ್ರಯತ್ನಿಸಿದರೆ ಹನ್ನೆರಡು ಕಾಲಿನ ಇರುವೆ ಸಿಗುತ್ತದೆ.

ಹುಳುಗಳು ಎಲ್ಲಿ ಸಿಗುತ್ತವೆ? ಆಗುಂಬೆಗೆ ಹೋಗಬೇಕೇ?

ನಿಮ್ಮ ಮನೆಯ ಕರಿಬೇವಿನ ಗಿಡದ ಹತ್ತಿರ ಹೋಗಿ. ಕುಂಡದಲ್ಲಿದ್ದರೂ ಸರಿ.

ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ನಿಂಬೆ, ಕರಿಬೇವಿನ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ಸಾಸಿವೆಗಿಂತ ಚಿಕ್ಕದು, ಹಳದಿ, ಉರುಟು. ಮೂರ್ನಾಲ್ಕು ದಿನದಲ್ಲಿ ಅದರಿಂದ ಹೊರಬರುವ ಮರಿಹುಳು ನೋಡಲು ಥೇಟ್ ಹಕ್ಕಿಯ ಹಿಕ್ಕೆ. ಕಂದು, ಬಿಳಿ, ಒದ್ದೆ ಒದ್ದೆ ಹೊಳಪು. ಹಕ್ಕಿಗಳು ಅದನ್ನು ತಿನ್ನದಿರಲಿ ಅಂತ ಆ ವೇಷ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅದೇ ಹುಳು ಎಲೆಹಸಿರು ಬಣ್ಣದಲ್ಲಿ ಕೂತಿರುತ್ತದೆ. ಅದಕ್ಕೆ ಹೆದರಿಕೆಯಾದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಚಿಮ್ಮುತ್ತದೆ, ಘಾಟು ವಾಸನೆ ಬರುತ್ತದೆ. ಆಮೇಲೆ ಸೊಂಟಕ್ಕೆ ರೇಷ್ಮೆ ನೂಲಿನ ಪಟ್ಟಿ ಕಟ್ಟಿಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಅಷ್ಟು ದಿನ ದಿನಕ್ಕೆ ಹತ್ತು ನಿಮಿಷ ಒಂದೇ ಗಿಡದ ಮುಂದೆ ಕೂತರೆ ಬೆಳಕು, ಕೋನ, ಫೋಕಸ್ ಎಲ್ಲದರ ಅಭ್ಯಾಸ ತಾನಾಗಿ ಆಗುತ್ತದೆ.

ಅದೇ ಗಿಡದಲ್ಲಿ ಎಲೆಯ ತಳ ತಿರುಗಿಸಿ ನೋಡಿದರೆ ಸಸ್ಯಹೇನು ಇರುತ್ತವೆ. ಹೇನು ಇದ್ದಲ್ಲಿ ಅವುಗಳ ಸಿಹಿ ರಸಕ್ಕೆ ಇರುವೆ ಬರುತ್ತದೆ. ಹೇನು ತಿನ್ನಲು ಗುಲಗಂಜಿ ಹುಳು ಬರುತ್ತದೆ. ಇವರನ್ನೆಲ್ಲ ಹಿಡಿಯಲು ಜಿಗಿಯುವ ಜೇಡ ಕಾದಿರುತ್ತದೆ. ಈ ಜೇಡವೇ ಹೊಸಬರಿಗೆ ಒಳ್ಳೆಯ ಗುರು. ಅದಕ್ಕೆ ಎಂಟು ಕಣ್ಣು, ಮುಂದಿನ ಎರಡು ದೊಡ್ಡವು. ನೀವು ನೋಡುವ ಹಾಗೆಯೇ ಅದು ತಿರುಗಿ ನಿಮ್ಮನ್ನು ನೋಡುತ್ತದೆ. ಆ ದೊಡ್ಡ ಕಣ್ಣುಗಳ ಮುಂದಿನ ಗಾಜು ಅಲ್ಲಾಡುವುದಿಲ್ಲ, ಒಳಗಿನ ಪರದೆಯ ಕೊಳವೆ ಮಾತ್ರ ಆಚೀಚೆ ಸರಿಯುತ್ತದೆ. ಅದಕ್ಕೇ ಎರಡು ಚಿತ್ರಗಳಲ್ಲಿ ಕಣ್ಣಿನ ಬಣ್ಣ ಬೇರೆ ಬೇರೆ ಬರುತ್ತದೆ. ಇದು ಗೊತ್ತಾದ ದಿನ ನಾನು ಒಂದೇ ಜೇಡದ ಅರವತ್ತು ಚಿತ್ರ ತೆಗೆದಿದ್ದೆ.

ಊರಿನಲ್ಲಿ ಮಾವು, ಗೋಡಂಬಿ ಮರವಿದ್ದರೆ ಎಲೆ ಹೊಲಿದು ಗೂಡು ಕಟ್ಟುವ ಚಿಗಳಿ ಇರುವೆಗಳನ್ನು ಗಮನಿಸಿ. ಅವುಗಳ ಆಸುಪಾಸಿನಲ್ಲಿ ಒಂಟಿಯಾಗಿ ಓಡಾಡುವ 'ಇರುವೆ' ಕಂಡರೆ ಕಾಲು ಎಣಿಸಿ. ಎಂಟಿದ್ದರೆ ಅದು ಇರುವೆಯ ವೇಷದ ಜೇಡ. ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿ ಆಡಿಸುತ್ತಿರುತ್ತದೆ. ಬೆದರಿದರೆ ನೂಲಿನಲ್ಲಿ ಕೆಳಗೆ ಇಳಿದುಬಿಡುತ್ತದೆ, ಇರುವೆಗೆ ಆ ವಿದ್ಯೆ ಬರುವುದಿಲ್ಲ.

ದೂರ ಹೋಗುವ ಆಸೆ ಇದ್ದರೆ ಮಳೆ ತಗ್ಗಿದ ಮೇಲೆ ಕರಾವಳಿಯ ಮುರಕಲ್ಲಿನ ಬಯಲುಗಳಿಗೆ ಹೋಗಿ. ಅಂಗುಲದೆತ್ತರದ, ಹುಳು ಹಿಡಿದು ತಿನ್ನುವ ಡ್ರಾಸೆರಾ ಗಿಡಗಳು ಎಲೆಯ ಕೂದಲಿನ ತುದಿಯಲ್ಲಿ ಅಂಟಿನ ಹನಿ ಹೊತ್ತು ಹುಳುವಿಗೆ ಕಾಯುತ್ತಿರುತ್ತವೆ. ಎದುರು ಬೆಳಕಿನಲ್ಲಿ ಅವನ್ನು ನೋಡಬೇಕು. ಇಂಥದ್ದೇ ಬಯಲಿನ ಒಂದು ಪುಟಾಣಿ ಕಪ್ಪೆಯನ್ನು ಮಣಿಪಾಲದ ಸುತ್ತ ಗುರುತಿಸಿ, 2016ರಲ್ಲಿ ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಹೊಸ ಹೆಸರು ಕೊಟ್ಟರು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಊರಿನ ಪಕ್ಕದಲ್ಲೇ ಕೂಗುತ್ತಿದ್ದ ಜೀವಿ ಅದು.

ಯಾವ ಹೊತ್ತಿನಲ್ಲಿ ಹೋಗಬೇಕು?

ಸೂರ್ಯ ಹುಟ್ಟುವ ಮುಂಚೆಯಿಂದ ಎರಡು ಗಂಟೆ. ಹುಳುಗಳ ಮೈ ತನ್ನಷ್ಟಕ್ಕೆ ಬಿಸಿಯಾಗುವುದಿಲ್ಲ, ಬಿಸಿಲು ಬೇಕು. ಅಲ್ಲಿಯವರೆಗೆ ಏರೋಪ್ಲೇನ್ ಚಿಟ್ಟೆಗಳು ಮೈತುಂಬ ಇಬ್ಬನಿ ಹೊತ್ತು ಹುಲ್ಲುಕಡ್ಡಿಗೆ ಅಂಟಿಕೊಂಡಿರುತ್ತವೆ. ನವೆಂಬರಿನಿಂದ ಜನವರಿವರೆಗಿನ ಚಳಿಯ ಬೆಳಗು ಇಬ್ಬನಿಗೆ ಚೆನ್ನ, ಜೂನಿನಿಂದ ಅಕ್ಟೋಬರ್ ಜೀವಿಗಳಿಗೆ ಚೆನ್ನ. ರಾತ್ರಿ ಟಾರ್ಚ್ ಹಿಡಿದು ಹಿತ್ತಲಲ್ಲಿ ತಿರುಗಿದರೆ ಹಗಲು ಕಾಣದ ಬೇರೆಯೇ ಲೋಕ ಇರುತ್ತದೆ. ಗಂಬೂಟು ಹಾಕಿ, ಒಬ್ಬರೇ ಹೋಗಬೇಡಿ, ಕಾಲಿಡುವ ಜಾಗಕ್ಕೆ ಮೊದಲು ಬೆಳಕು ಬಿಡಿ. ಹಾವು ಇರುವ ನಾಡು ನಮ್ಮದು.

ಹತ್ತಿರ ಹೋದ ತಕ್ಷಣ ಹಾರಿಹೋಗುತ್ತದೆ. ಏನು ಮಾಡಲಿ?

ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಪಕ್ಕಕ್ಕೆ ಸರಿದರೆ ಅದಕ್ಕೆ ಬೇಗ ಗೊತ್ತಾಗುತ್ತದೆ, ನೇರವಾಗಿ, ತೀರ ನಿಧಾನ ಮುಂದೆ ಹೋದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ದೂರದಿಂದಲೇ ಒಂದು ಚಿತ್ರ ತೆಗೆದುಕೊಂಡು ಆಮೇಲೆ ಮುಂದೆ ಸಾಗಿ. ಹಾರಿಹೋದರೂ ಅಲ್ಲೇ ಕೂತಿರಿ. ಏರೋಪ್ಲೇನ್ ಚಿಟ್ಟೆಗಳಲ್ಲಿ ಹಲವು ಅದೇ ಕಡ್ಡಿಗೆ ಮತ್ತೆ ಮತ್ತೆ ಬಂದು ಕೂರುತ್ತವೆ.

ಹುಳುವನ್ನು ಫ್ರಿಜ್ಜಿನಲ್ಲಿಟ್ಟರೆ ಅಲ್ಲಾಡುವುದಿಲ್ಲ ಅಂತಾರೆ. ಮಾಡಬಹುದೇ?

ಬೇಡ. ದಯವಿಟ್ಟು ಬೇಡ.

ತಣ್ಣಗೆ ಮಾಡಿ, ಅಂಟು ಹಾಕಿ, ದಾರ ಕಟ್ಟಿ ತೆಗೆದ ಚಿತ್ರಗಳನ್ನು ನಾನು ಬಹಳ ನೋಡಿದ್ದೇನೆ. ಬಸವನಹುಳುವಿನ ಬೆನ್ನೇರಿದ ಕಪ್ಪೆ, ಕೊಡೆಯಂತೆ ಎಲೆ ಹಿಡಿದ ಕಪ್ಪೆ, ಇಂಥವಕ್ಕೆ ಬಹುಮಾನವೂ ಸಿಗುತ್ತದೆ. ಸ್ವಲ್ಪ ಅಭ್ಯಾಸವಾದ ಕಣ್ಣಿಗೆ ಆ ಜೀವಿಯ ಸಂಕಟ ಚಿತ್ರದಲ್ಲೇ ಕಾಣುತ್ತದೆ. ಕಾಲುಗಳ ಮಡಿಕೆ ಸರಿ ಇರುವುದಿಲ್ಲ, ಕೂತ ಭಂಗಿ ಅದರದ್ದಾಗಿರುವುದಿಲ್ಲ. ಮುಂಜಾನೆ ಐದಕ್ಕೆ ಎದ್ದು ಹೋದರೆ ಪ್ರಕೃತಿಯೇ ಅವನ್ನು ತಣ್ಣಗೆ ಕೂರಿಸಿರುತ್ತದಲ್ಲ, ಫ್ರಿಜ್ ಯಾಕೆ ಬೇಕು?

ಕಪ್ಪೆಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅವುಗಳ ಚರ್ಮ ನೀರನ್ನಷ್ಟೇ ಅಲ್ಲ, ನಿಮ್ಮ ಕೈಗೆ ಬಳಿದ ಸೊಳ್ಳೆ ಮುಲಾಮನ್ನೂ ಹೀರುತ್ತದೆ. ಮುಟ್ಟಲೇಬೇಡಿ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವಿವರಿಸಿದ ಕುಂಬಾರ ಕಪ್ಪೆಯ ಗಂಡು ರಾತ್ರಿ ಹೊತ್ತು ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. ಅಂಥ ಹೊತ್ತಿನಲ್ಲಿ ಎಡೆಬಿಡದೆ ಫ್ಲ್ಯಾಶ್ ಹೊಡೆದು ಅದು ಕೆಲಸ ಬಿಟ್ಟು ಓಡಿದರೆ ಆ ಮೊಟ್ಟೆಗಳ ಗತಿ ಏನು? ನಾನು ಒಂದು ಕಪ್ಪೆಗೆ ನಾಲ್ಕೈದು ಕ್ಲಿಕ್ ಎಂದು ಮಿತಿ ಹಾಕಿಕೊಂಡಿದ್ದೇನೆ.

ಮಳೆಗಾಲದಲ್ಲಿ ಉಂಬಳಕ್ಕೆ ಏನು ಮಾಡುತ್ತೀರಿ?

ಮೊಣಕಾಲಿನವರೆಗೆ ಬಿಗಿ ನೇಯ್ಗೆಯ ಉಂಬಳ ಕಾಲುಚೀಲ. ಅದರ ಹೊರಗೆ ಒದ್ದೆ ಮಾಡಿದ ಹೊಗೆಸೊಪ್ಪು ಉಜ್ಜುತ್ತೇನೆ. ಉಪ್ಪನ್ನು ದಾರಿಯುದ್ದಕ್ಕೂ ಚೆಲ್ಲಬೇಡಿ, ಅದು ಕಪ್ಪೆ, ಬಸವನಹುಳುಗಳಿಗೆ ಕೆಟ್ಟದ್ದು. ಕಚ್ಚಿದರೆ ಗಾಬರಿಯಾಗದೆ ಉಗುರನ್ನು ಅದರ ಬಾಯಿಯ ಪಕ್ಕದಲ್ಲಿ ಜಾರಿಸಿ ಬಿಡಿಸಿ.

ಲೆನ್ಸಿಗೆ ಫಂಗಸ್ ಹಿಡಿಯದಂತೆ ಹೇಗೆ ಇಡುವುದು?

ಒಂದು ಮಳೆಗಾಲ ನನ್ನ 100 ಮಿ.ಮೀ. ಲೆನ್ಸ್ ಊರಿನಲ್ಲಿ ಚರ್ಮದ ಚೀಲದೊಳಗೇ ಮೂರು ತಿಂಗಳು ಉಳಿದುಹೋಯಿತು. ತೆಗೆದು ನೋಡಿದಾಗ ಒಳಗಿನ ಗಾಜಿನ ಮೇಲೆ ಬಿಳಿ ಎಳೆಗಳು. ಬಿಚ್ಚಿ ತೊಳೆಸಿದೆ, ಒಂದು ಕಲೆ ಹೋಗಲೇ ಇಲ್ಲ. ಆಮೇಲೆ ಚರ್ಮದ ಚೀಲ ಬಿಟ್ಟೆ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ತೇವಾಂಶ 40ರಿಂದ 50 ಪರ್ಸೆಂಟ್ ಇರಬೇಕು. ನೀಲಿ ಹರಳು ಗುಲಾಬಿಯಾದರೆ ಸಣ್ಣ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಕಾಡಿನಿಂದ ಬಂದ ದಿನ ಒದ್ದೆ ಕ್ಯಾಮೆರಾವನ್ನು ನೇರ ಡಬ್ಬಕ್ಕೆ ಹಾಕದೆ ಒರೆಸಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಇಡಿ.

ಹುಳು ಕಂಡರೆ ನನಗೆ ಭಯ. ಬೇರೆ ಏನು ತೆಗೆಯಬಹುದು?

ಅಡುಗೆಮನೆಗೆ ಹೋಗಿ. ಕಲ್ಲುಪ್ಪಿನ ಹರಳು, ಕೇಸರಿ ಎಸಳು, ಸೋಡಾ ಲೋಟದ ಗುಳ್ಳೆ, ಹೊತ್ತಿಕೊಳ್ಳುವ ಬೆಂಕಿಕಡ್ಡಿ. ಇಳಕಲ್ ಸೀರೆಯ ಸೆರಗಿನಲ್ಲಿ ನೂಲು ಕೂಡುವ ಜಾಗ ನೋಡಿ, ಕಸೂತಿಯ ಒಂದೊಂದು ಹೊಲಿಗೆ ನೋಡಿ. ನನಗೆ ಇಷ್ಟದ ಅಭ್ಯಾಸ ನೀರಹನಿ. ಹುಲ್ಲಿನ ತುದಿಯಲ್ಲಿ ಹನಿ ನಿಲ್ಲಿಸಿ, ಅದರ ಹಿಂದೆ ಒಂದು ಸೇವಂತಿಗೆ ಇಡಿ. ಹನಿಯೇ ಲೆನ್ಸಾಗಿ ಹೂವು ತಲೆಕೆಳಗಾಗಿ ಅದರೊಳಗೆ ಕಾಣುತ್ತದೆ. ಹಾಗಾಗಿ ಹೂವನ್ನು ಮೊದಲೇ ತಲೆಕೆಳಗು ಮಾಡಿ ಇಟ್ಟರೆ ಹನಿಯಲ್ಲಿ ನೆಟ್ಟಗೆ ಬರುತ್ತದೆ. ಫೋಕಸ್ ಹನಿಯ ಅಂಚಿಗಲ್ಲ, ಒಳಗಿನ ಹೂವಿಗೆ. ನೀರಿಗೆ ಒಂದೆರಡು ತೊಟ್ಟು ಗ್ಲಿಸರಿನ್ ಬೆರೆಸಿದರೆ ಹನಿ ಬೇಗ ಜಾರುವುದಿಲ್ಲ.

ತೆಗೆದ ಹುಳುವಿನ ಹೆಸರು ತಿಳಿಯುವುದು ಹೇಗೆ?

ಚಿತ್ರವನ್ನು ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ, ತಿಳಿದವರು ಗುರುತಿಸುತ್ತಾರೆ. ಅವರಿಗೆ ಚಂದದ ಒಂದು ಚಿತ್ರಕ್ಕಿಂತ ಉಪಯೋಗದ ಮೂರು ಚಿತ್ರ ಬೇಕು. ಚಿಟ್ಟೆಯಾದರೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ. ಜೇಡವಾದರೆ ಕಣ್ಣುಗಳ ಜೋಡಣೆ, ಬೆನ್ನು, ಸಾಧ್ಯವಾದರೆ ಹೊಟ್ಟೆ. ಯಾವ ಗಿಡದ ಮೇಲಿತ್ತು ಎಂದೂ ಬರೆಯಿರಿ. ಅಪರೂಪದ ಆರ್ಕಿಡ್, ಕಪ್ಪೆಗಳ ಜಾಗವನ್ನು ಮಾತ್ರ ಬಹಿರಂಗ ಮಾಡಬೇಡಿ.

ಕಾಡಿನಲ್ಲಿ ತೆಗೆಯಲು ಅನುಮತಿ ಬೇಕೇ?

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕೆಲವು ಚಿಟ್ಟೆಗಳೂ ಇವೆ. ಹಿಡಿದು ಮನೆಗೆ ತರುವುದು ಅಪರಾಧವಾಗಬಹುದು. ಖಾಸಗಿ ತೋಟವಾದರೆ ಯಜಮಾನರನ್ನು ಒಂದು ಮಾತು ಕೇಳಿ. ನನಗೆ ಬೇಡ ಎಂದವರು ಇಲ್ಲ, ಕಾಫಿ ಕೊಟ್ಟು ಜೇನುಗೂಡು ತೋರಿಸಿದವರೇ ಜಾಸ್ತಿ.

ಎಂಟು ವರ್ಷದ ಮಗಳು ತಾನೂ ತೆಗೆಯುತ್ತೇನೆ ಅನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ?

ಹಳೆಯ ಫೋನು, ಕ್ಲಿಪ್ ಲೆನ್ಸ್ ಕೊಡಿ. ಕೂದಲಿರುವ ಕಂಬಳಿಹುಳು ಮುಟ್ಟಬಾರದು, ಜೇನು, ಕಣಜದ ಗೂಡಿನ ಹತ್ತಿರ ಹೋಗಬಾರದು, ಹುಳು ಕೂತ ಎಲೆ ಕೀಳಬಾರದು, ಈ ಮೂರನ್ನು ಮೊದಲೇ ಹೇಳಿ. ಆಮೇಲೆ ಇಬ್ಬರೂ ಕರಿಬೇವಿನ ಗಿಡದ ಚಿಗುರೆಲೆಗಳನ್ನು ಒಂದೊಂದಾಗಿ ನೋಡಿ. ಹಳದಿ ಮೊಟ್ಟೆ ಸಿಕ್ಕರೆ ಆ ಕೊಂಬೆಗೆ ಒಂದು ಬಣ್ಣದ ದಾರ ಕಟ್ಟಿ. ಒಗ್ಗರಣೆಗೆ ಎಲೆ ಕೀಳುವಾಗ ಆ ಕೊಂಬೆಯನ್ನು ಬಿಡಬೇಕೆಂದು ಅಜ್ಜಿಗೂ ಹೇಳಿಡಿ.